ಬಿರುಕಿನ ಮೇಲಿನ ಗಾಜು

ನಮ್ಮ ಬೀದಿಯ ಮನೆಗಳೆಲ್ಲ ಕುಸಿಯುತ್ತಿವೆ, ಕೆಡವಬೇಕು ಎಂದು ನಗರಸಭೆಯವರು ನೋಟಿಸು ಅಂಟಿಸಿದ ದಿನ ನನಗೆ ಮೈಯೆಲ್ಲ ಉರಿದುಹೋಯಿತು. ಇನ್ನೂರು ವರ್ಷ ನಿಂತ ಗೋಡೆಗಳು, ಬಿಲ್ಡರೊಬ್ಬನ ಕಣ್ಣು ಬಿದ್ದ ತಿಂಗಳಿಗೇ ಕುಸಿಯಲು ಶುರುಮಾಡಿದವಂತೆ!

ನನ್ನದು ಗಾಜು ಕತ್ತರಿಸುವ ಕೆಲಸ. ಬೀದಿಯವರೆಲ್ಲ ಸೇರಿ ಹಟ ಹಿಡಿದು, ಗೋಡೆಗಳು ಸರಿಯುತ್ತಿಲ್ಲ ಎಂದು ತೋರಿಸಲು ಆರು ತಿಂಗಳ ಗಡುವು ಪಡೆದೆವು. ಪ್ರತಿ ಮನೆಯ ಗೋಡೆಯ ಬಿರುಕಿಗೂ ಅಡ್ಡಲಾಗಿ ನಾನೇ ತೆಳು ಗಾಜಿನ ಪಟ್ಟಿ ಅಂಟಿಸಿದೆ. ಗೋಡೆ ಕೂದಲೆಳೆಯಷ್ಟು ಸರಿದರೂ ಗಾಜು ಸೀಳುತ್ತದೆ. ಮನೆಗಳು ಒಂದಕ್ಕೊಂದು ಅಂಟಿಕೊಂಡಿರುವುದರಿಂದ ಒಂದೇ ಒಂದು ಗಾಜು ಸೀಳಿದರೂ ಬೀದಿ ಪೂರ್ತಿ ನೆಲಸಮ. ನಮ್ಮ ಬೀದಿಯ ದರ್ಜಿಯಂತೂ ದಿನಾ ಬೆಳಿಗ್ಗೆ ತನ್ನ ಗೋಡೆಯ ಗಾಜಿಗೆ "ಏನಮ್ಮಾ, ಆರೋಗ್ಯಾನಾ?" ಎಂದು ಕೇಳಿಯೇ ಅಂಗಡಿ ತೆರೆಯುತ್ತಿದ್ದ.

ಕೊನೆಯ ವಾರ ಒಂದು ಗಾಜು ಒಡೆಯಿತು. ನಮ್ಮದೇ ಮನೆಯದು, ಮಹಡಿಯ ಕೋಣೆಯದು.

ವಿಚಾರಣೆಯ ದಿನ ನಗರಸಭೆಯ ಎಂಜಿನಿಯರು ಅದರ ಚೂರುಗಳನ್ನು ಕಾಗದದ ಮೇಲೆ ಜೋಡಿಸಿ ತಂದು, "ನೋಡಿ, ಗೋಡೆ ಸರಿದಿದೆ" ಎಂದ. ನಮ್ಮವರೆಲ್ಲ ತಲೆ ತಗ್ಗಿಸಿದರು. ನಾನು ಹತ್ತಿರ ಹೋಗಿ ಬಗ್ಗಿ ನೋಡಿದೆ. ಗೋಡೆ ಸರಿದಿದ್ದರೆ ಗಾಜು ಬಿರುಕಿನ ಗುಂಟ ಒಂದೇ ಗೆರೆಯಾಗಿ ಸೀಳಬೇಕಿತ್ತು. ಇಲ್ಲಿ ಮೂಲೆಯಲ್ಲೊಂದು ಚುಕ್ಕೆ, ಅಲ್ಲಿಂದ ಸುತ್ತಲೂ ಜೇಡರ ಬಲೆಯ ಹಾಗೆ ಗೆರೆಗಳು.

"ಇದು ತಾನಾಗೇ ಸೀಳಿದ್ದಲ್ಲ ಸರ್. ಸುತ್ತಿಗೇಲಿ ಹೊಡೆದಿದ್ದು."

ವಿಚಾರಣೆ ನಡೆಸುತ್ತಿದ್ದ ಅಧಿಕಾರಿ ಕನ್ನಡಕ ತೆಗೆದ. "ಯಾರು ಹೊಡೆದ್ರು ಹೇಳಿ, ಬರೆದು ಸಹಿ ಹಾಕಿ. ಇಲ್ಲಾಂದ್ರೆ ಎಂಜಿನಿಯರ್ ವರದೀನೇ ಖಾಯಂ."

ಆ ಕೋಣೆಯ ಬೀಗದ ಕೈ ಇದ್ದದ್ದು ಇಬ್ಬರ ಬಳಿ, ನನ್ನ ಹತ್ತಿರ ಮತ್ತು ನನ್ನ ತಮ್ಮನ ಹತ್ತಿರ. ಅವನು ಬಿಲ್ಡರನ ಪಕ್ಕದಲ್ಲೇ ಕಾಲ ಮೇಲೆ ಕಾಲು ಹಾಕಿ ಕೂತಿದ್ದ. ಹೊಸ ಕಟ್ಟಡದಲ್ಲಿ ಅವನಿಗೊಂದು ಫ್ಲಾಟು ನಿಗದಿಯಾಗಿತ್ತು.

ಅಮ್ಮ ನನ್ನ ತೋಳು ಜಗ್ಗಿದಳು. "ಬೇಡ ಕಣೇ, ಅವನನ್ನ ಜೈಲಿಗೆ ಹಾಕ್ತಾರೆ."

ಚಿಕ್ಕಂದಿನಿಂದ ಅವನ ತಪ್ಪುಗಳನ್ನೆಲ್ಲ ಮೈಮೇಲೆ ಎಳೆದುಕೊಂಡು ಏಟು ತಿಂದವಳು ನಾನು. ಅದು ಅವನಿಗೂ ಚೆನ್ನಾಗಿ ಗೊತ್ತಿತ್ತು.

"ಹೇಳು ಅಕ್ಕಾ," ಎಂದ ನಗುತ್ತಾ, "ಯಾರು ಹೊಡೆದ್ರು?"

ನಾನು ಅಮ್ಮನ ಕೈ ಬಿಡಿಸಿಕೊಂಡೆ.

"ನೀನೇ ಕಣೋ," ಎಂದೆ. ಅಧಿಕಾರಿಯ ಕಡೆ ಕೈ ಚಾಚಿದೆ. "ಪೆನ್ನು ಕೊಡಿ ಸರ್."