ಹದಿನಾಲ್ಕನೇ ಪ್ರಶ್ನೆ

ಅದು ಅವಳ ಡೈರಿಗೆ ಮಾತ್ರ ಗೊತ್ತಿದ್ದ ಸಂಗತಿ. ಟೈಲರಮ್ಮನನ್ನು ಹದಿನಾಲ್ಕನೇ ಪ್ರಶ್ನೆ ಕೇಳದೆಯೇ ಉತ್ತರ ತುಂಬಿಬಿಟ್ಟಿದ್ದಳು. ಬೆಳಿಗ್ಗೆ ಎದ್ದು ಅಷ್ಟನ್ನು ಬರೆದು, ಕೆಳಗೆ ಎರಡು ಗೆರೆ ಎಳೆದು, ಕೋಣೆಯಲ್ಲಿ ಯಾರೂ ಇಲ್ಲದಿದ್ದರೂ ಪುಟದ ಮೇಲೆ ಅಂಗೈ ಮುಚ್ಚಿದಳು.

ಡಿಗ್ರಿ ಮುಗಿಸಿದ ಮೇಲೆ ಸಿಕ್ಕ ಮೊದಲ ಕೆಲಸ. ಹಳೆಯ ಗಿರಣಿಯ ಹಿಂದಿನ ಸೋರುವ ಮನೆಗಳನ್ನು ಕೆಡವಿ ಹೊಸದು ಕಟ್ಟುತ್ತಿದ್ದರು. ಎಲ್ಲರಿಗೂ ಒಂದೇ ಅಚ್ಚಿನ ಮನೆ ಬೇಡ, ಇರುವವರ ಅಳತೆಗೆ ಒಪ್ಪುವ ಮನೆ ಬೇಕು ಎಂಬುದು ಯೋಜನೆ. ಅದಕ್ಕಾಗಿ ಮನೆಮನೆಗೆ ಹೋಗಿ ಇಪ್ಪತ್ತು ಪ್ರಶ್ನೆ ಕೇಳಬೇಕಿತ್ತು. ಅಡುಗೆಕಟ್ಟೆ ಎಷ್ಟೆತ್ತರ ಬೇಕೆಂದು ಹೆಂಗಸರ ಮೊಣಕೈಗೆ ಟೇಪು ಹಿಡಿಯಬೇಕಿತ್ತು. ಎದುರಿಗಿದ್ದವರು ಕೆಮ್ಮಿದರೂ ಮಾತು ಮರೆಯುವ ಹುಡುಗಿ ಅವಳು.

ಟೈಲರಮ್ಮನ ಮನೆಯಲ್ಲಿ ಎಲ್ಲ ಉಲ್ಟಾ ಆಯಿತು. ಪ್ರಶ್ನೆ ಕೇಳಿದ್ದೆಲ್ಲ ಟೈಲರಮ್ಮ, ಅದೂ ಮಷಿನ್ ಮುಂದಿನಿಂದ ಕದಲದೆ.

"ಬಾರೇ ಡಿಗ್ರಿ. ಈ ತೋಳು ಹೊಲಿದ ಪುಣ್ಯಾತ್ಮರು ಯಾರೇ? ಇದರೊಳಗೆ ಇನ್ನೊಬ್ಬಳು ಬಾಡಿಗೆಗಿರಬಹುದು. ಊಟ ಮಾಡ್ತೀಯೋ, ಬರೀ ಪುಸ್ತಕ ತಿಂತೀಯೋ?"

ಹದಿನಾಲ್ಕನೇ ಪ್ರಶ್ನೆ ಬಂತು. ಅಷ್ಟು ಚುರುಕಾದ ಹೆಂಗಸನ್ನು ಮೆಟ್ಟಿಲು ಹತ್ತಲು ತೊಂದರೆಯೇ ಎಂದು ಹೇಗೆ ಕೇಳುವುದು? ಮುದುಕಿ ಎಂದು ಮುಖಕ್ಕೇ ಅಂದ ಹಾಗಾಗುತ್ತದೆ. ರಸ್ತೆಯ ತಿರುವಿಗೆ ಬಂದವಳೇ ಗೋಡೆಗೆ ಕಾಗದ ಒತ್ತಿ "ಇಲ್ಲ" ಎಂದು ತಾನೇ ಬರೆದಳು. ಟೈಲರಮ್ಮ ಮಷಿನ್ ಬಿಟ್ಟೇಳದೆ ಬಿಗಿ ಮಾಡಿಕೊಟ್ಟ ತೋಳು ಮಾತ್ರ ಅಚ್ಚುಕಟ್ಟಾಗಿ ಕೂತಿತ್ತು.

ನಿನ್ನೆ ನಲ್ಲಿಯ ಹತ್ತಿರ ಟೈಲರಮ್ಮ ನಡೆಯುವುದನ್ನು ಮೊದಲ ಸಲ ನೋಡಿದಳು. ಎಡಮಂಡಿ ಮಡಚುತ್ತಲೇ ಇರಲಿಲ್ಲ. ಇದ್ದ ಮೂರು ಮೆಟ್ಟಿಲಿಗೆ ಮೂರು ಸಲ ನಿಂತರು. ಅವರ ಮಷಿನ್ನಿಗೆ ಕಾಲಲ್ಲಿ ತುಳಿಯುವ ಪೆಡಲಿನ ಬದಲು ಮೋಟರು ಯಾಕೆಂದು ಇವಳಿಗೆ ಆಗ ಹೊಳೆಯಿತು.

ಇವತ್ತು ಮನೆ ಹಂಚಿಕೆ. ಗಿರಣಿಯ ಗೋದಾಮಿನಲ್ಲಿ ಎಲ್ಲರೂ ಸೇರಿದ್ದರು. ಮೇಜಿನ ಮೇಲೆ ರಟ್ಟಿನಲ್ಲಿ ಮಾಡಿದ ಹೊಸ ಬಡಾವಣೆ: ದವಾಖಾನೆ, ಓದುವ ಕೋಣೆ, ಹುಲ್ಲಿನ ಬದಲು ಹಸಿರು ಸ್ಪಂಜು. ಕಟಿಂಗ್ ಅಂಗಡಿಯ ಮಾವ ಬಗ್ಗಿ ತಮ್ಮದಾಗಬಹುದಾದ ಕಿಟಕಿ ಹುಡುಕುತ್ತಿದ್ದರು.

"ಸಹಿ ಬಿದ್ದ ಮೇಲೆ ಬದಲಾವಣೆ ಇಲ್ಲ. ಫಾರಂನಲ್ಲಿ ತಪ್ಪಿದ್ರೆ ಈಗಲೇ ಹೇಳಿಬಿಡಿ," ಎಂದ ಎಂಜಿನಿಯರು ಪಟ್ಟಿ ಓದುತ್ತ ಹೋದರು. "ಟೈಲರಮ್ಮ, ಮೂರನೇ ಮಹಡಿ."

"ಮೂರನೇದಾ?" ಎಂದರು ಕಟಿಂಗ್ ಮಾವ. "ಅತ್ತಿಗೆ ಮೇಲೆ ಹತ್ತೋಷ್ಟರಲ್ಲಿ ಫ್ಯಾಷನ್ನೇ ಬದಲಾಗಿರುತ್ತೆ."

ಗೋದಾಮು ತುಂಬ ನಗು. ಟೈಲರಮ್ಮನೂ ನಕ್ಕರು. ಎಂಜಿನಿಯರು ಮಾತ್ರ ಕಾಗದ ತಿರುಗಿಸಿ ನೋಡಿದರು.

"ಮೆಟ್ಟಿಲಿಗೆ ತೊಂದರೆ ಇಲ್ಲ ಅಂತ ನೀವೇ ಬರೆಸಿದ್ದೀರಲ್ಲಮ್ಮ. ಕೆಳಗೆ ಒಂದು ಮನೆ ಉಳಿದಿದೆ, ಆದ್ರೆ ಅದು ತೊಂದರೆ ಇರೋರಿಗೆ."

ಟೈಲರಮ್ಮ ಕಾಗದದ ಮೇಲಿನ ಅಕ್ಷರ ನೋಡಿದರು. ಆಮೇಲೆ ಹಿಂದಿನ ಸಾಲಿನಲ್ಲಿ ನೀರಿನ ಡ್ರಮ್ಮಿನ ಮರೆಗೆ ನಿಂತಿದ್ದ ಅವಳನ್ನು ನೋಡಿದರು. ಎಲ್ಲ ಅರ್ಥವಾದವರಂತೆ ಪೆನ್ನಿಗೆ ಕೈ ಚಾಚಿದರು.

"ಬರೆಸಿರ್ತೀನಿ ಬಿಡಿ ಸಾರ್. ಹೊಲಿಗೆಗೆ ಕೂತಾಗ ಬಾಯಿಗೆ ಬಂದಿದ್ದು ಹೇಳ್ತೀನಿ. ಪಾಪ, ಬರ್ಕೊಂಡವಳದ್ದೇನು ತಪ್ಪು? ಮೇಲೆ ಗಾಳಿನಾದ್ರೂ ಚೆನ್ನಾಗಿರುತ್ತೆ."

ಪೆನ್ನಿನ ಮುಚ್ಚಳ ತೆಗೆದದ್ದು ಕೇಳಿಸಿತು. ಅವಳು ಬಿಗಿಯಾಗಿ ಕೂತಿದ್ದ ತೋಳನ್ನು ಮುಟ್ಟಿಕೊಂಡಳು. ತಾನು ಡ್ರಮ್ಮನ್ನು ದಾಟಿ ಮುಂದೆ ಬಂದದ್ದು, ಎಲ್ಲರೂ ತಿರುಗಿ ನೋಡಿದ ಮೇಲಷ್ಟೇ ಅವಳ ಅರಿವಿಗೆ ಬಂತು.

"ಸಹಿ ಹಾಕಿಸ್ಬೇಡಿ ಸಾರ್. ಅವರು ಹಾಗೆ ಹೇಳೇ ಇಲ್ಲ. ಕೇಳೋಕೆ ನನಗೆ ಸಂಕೋಚ ಆಯ್ತು, ನಾನೇ ಬರೆದುಬಿಟ್ಟೆ."