ಮಗ್ಗ ನಿಂತಾಗ

ಚಳ್ಳಕೆರೆಯ ಮಧ್ಯಾಹ್ನದಲ್ಲಿ ಕಣ್ಣು ತೆರೆದು ಕೂರುವುದು ಸಾಮಾನ್ಯದ ಮಾತಲ್ಲ. ಎಣ್ಣೆ ಗಿರಣಿಗಳ ಕಡೆಯಿಂದ ಶೇಂಗಾದ ವಾಸನೆ ಬಿಸಿ ಗಾಳಿಯ ಜೊತೆ ಕಿಟಕಿಯೊಳಗೆ ಬರುತ್ತದೆ. ಫ್ಯಾನು ಅದನ್ನೇ ತಿರುಗಿಸಿ ತಿರುಗಿಸಿ ಮುಖಕ್ಕೆ ಬಡಿಯುತ್ತದೆ. ಪುಸ್ತಕದ ಅಕ್ಷರಗಳು ಇರುವೆಗಳ ಹಾಗೆ ಸಾಲು ಬಿಟ್ಟು ಹೊರಡುತ್ತವೆ. ಪರೀಕ್ಷೆಗೆ ಮುಂಚಿನ ರಜೆ ಓದುವುದಕ್ಕೆ ಎಂದು ಕಾಲೇಜಿನವರು ತಿಳಿದುಕೊಂಡಿದ್ದಾರೆ, ತಿಳಿದುಕೊಂಡಿರಲಿ, ಪಾಪ. ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಊಟವಾದ ಮೇಲೆ ಒಂದು ತಲೆಯೂ ನೆಟ್ಟಗೆ ನಿಂತಿರುವುದಿಲ್ಲ. ಅದರಲ್ಲೂ ದೇವಸಮುದ್ರದ ರಂಜಿತಾಳಿಗೆ ನಿದ್ದೆಯೆಂಬುದು ಹುಟ್ಟಿನಿಂದ ಬಂದ ವಿದ್ಯೆ. ಕುರಿಗಾರರ ಮನೆಯ ಹುಡುಗಿ. ಬಂಡೆಯ ನೆರಳಲ್ಲಿ ಕೂತಲ್ಲೇ ನಿದ್ದೆ ತೆಗೆದು, ಸಂಜೆ ಒಂದು ಮರಿಯನ್ನೂ ಕಳೆಯದೆ ಮಂದೆ ಹೊಡೆದುಕೊಂಡು ಬಂದವಳು.

ಅಂಥವಳ ಪಕ್ಕದ ಮಂಚ ದಿವ್ಯಶ್ರೀಯದು. ಮೊಳಕಾಲ್ಮೂರಿನ ನೇಕಾರರ ಮನೆಯವಳು. ಮೊದಲೆರಡು ವರ್ಷ ಊರಿನಿಂದಲೇ ಬಸ್ಸಿನಲ್ಲಿ ಓಡಾಡಿ ತರಗತಿಗೇ ಮೊದಲಿಗಳಾಗಿದ್ದಳು. ಕೊನೆಯ ವರ್ಷ ಲ್ಯಾಬು ಮುಗಿಯುವುದು ತಡವಾಗುತ್ತದೆಂದು ಹಾಸ್ಟೆಲು ಸೇರಿದಳು. ಸೇರಿದಂದಿನಿಂದ ನಿದ್ದೆ ಅವಳ ಕೈಬಿಟ್ಟಿತು. ಕಳೆದ ಸಲ ರಸಾಯನಶಾಸ್ತ್ರದ ಪರೀಕ್ಷೆಯಲ್ಲಿ ರಿಜಿಸ್ಟರ್ ನಂಬರು ಬರೆದು, ಮುಗಿಯುವವರೆಗೂ ಸುಮ್ಮನೆ ಕೂತು, ಅಷ್ಟನ್ನೇ ಕೊಟ್ಟು ಎದ್ದು ಬಂದಿದ್ದಳು. ರಂಜಿತಾಳೂ ಅದರಲ್ಲೇ ಫೇಲಾಗಿದ್ದಳು, ಆದರೆ ಅವಳದು ನ್ಯಾಯವಾದ ಫೇಲು: ಓದಿರಲಿಲ್ಲ. ಈಗ ಇಬ್ಬರೂ ಮತ್ತೆ ಅದೇ ಪೇಪರಿಗೆ ಕೂರಬೇಕಿತ್ತು. ಇದು ಹೋದರೆ ದಿವ್ಯಶ್ರೀಗೆ ಡಿಗ್ರಿಯಿಲ್ಲ, ಟೀಚರಾಗುವ ಆಸೆಯೂ ಅಲ್ಲಿಗೇ ಮುಗಿಯಿತು.

ಉಪಾಯಗಳಿಗೇನೂ ಬರವಿರಲಿಲ್ಲ. ವಾರ್ಡನ್ ರೇಣುಕಮ್ಮ ಗಸಗಸೆ ಪಾಯಸ ಮಾಡಿಕೊಟ್ಟರು. ರುಚಿ ನೋಡಲು ಕುಡಿದ ರಂಜಿತಾ ಮರುದಿನ ತಿಂಡಿಯ ಹೊತ್ತಿಗೆ ಎದ್ದಳು. ಲೋಟ ಪೂರ್ತಿ ಕುಡಿದ ದಿವ್ಯಶ್ರೀ ಅಷ್ಟು ಹೊತ್ತೂ ಸೂರು ನೋಡುತ್ತಿದ್ದಳು. ಕಾಲೇಜಿನವರು ಒತ್ತಡ ನಿವಾರಣೆಗೆಂದು ಒಬ್ಬ ಭಾಷಣಕಾರರನ್ನು ಕರೆಸಿದರು. ಅವರು ಕಣ್ಣು ಮುಚ್ಚಿ ಉಸಿರು ಎಳೆದುಕೊಳ್ಳಿ ಅಂದರು. ಸಭಾಂಗಣವೇ ಸೊಗಸಾಗಿ ನಿದ್ದೆಹೋಯಿತು. ಕೊನೆಗೆ ಎಚ್ಚರವಿದ್ದವರು ಭಾಷಣಕಾರರು ಮತ್ತು ದಿವ್ಯಶ್ರೀ ಇಬ್ಬರೇ.

"ಮನೇಲಿ ಹೆಂಗೆ ಮಲ್ಕೊಂತಿದ್ದೆ ನೀನು?" ಎಂದು ರಂಜಿತಾ ಒಂದು ದಿನ ಕೇಳಿದಳು.

"ಮಗ್ಗದ ಪಕ್ಕ ಚಾಪೆ ಹಾಸ್ಕೊಂಡು. ಅಮ್ಮ ನೇಯ್ತಿದ್ರೆ ಕಣ್ಣು ತಾನಾಗೇ ಮುಚ್ಕೊಂತಿತ್ತು. ಇಲ್ಲಿ ನೋಡು, ಎಷ್ಟು ನಿಶ್ಶಬ್ದ ಐತೆ."

ಆಗ ಪಕ್ಕದ ಕೋಣೆಯಲ್ಲಿ ಮೊಬೈಲು ಹಾಡುತ್ತಿತ್ತು, ನಲ್ಲಿಯ ಹತ್ತಿರ ಬಕೆಟ್ಟಿಗಾಗಿ ಜಗಳ ಹತ್ತಿತ್ತು. ದಿವ್ಯಶ್ರೀಯ ಕಿವಿಗೆ ಅದೆಲ್ಲ ಲೆಕ್ಕಕ್ಕಿರಲಿಲ್ಲ.

"ಹಂಗಾದ್ರೆ ಊರಿಗೆ ಹೋಗಿ ಮಲ್ಕೊಂಡು ಬಾ."

"ಹೋದ್ರೆ ತಿರುಗಿ ಬರಲ್ಲ ಕಣೇ. ನನ್ನ ಬುದ್ಧಿ ನಂಗೊತ್ತು."

ಆ ಭಾನುವಾರ ರಂಜಿತಾ ದೇವಸಮುದ್ರಕ್ಕೆಂದು ಬಸ್ಸು ಹತ್ತಿದವಳು ಮೊಳಕಾಲ್ಮೂರಿನಲ್ಲೇ ಇಳಿದುಬಿಟ್ಟಳು. ದಿವ್ಯಶ್ರೀಯ ತಾಯಿ ಸುಲೋಚನಮ್ಮ ಗುಂಡಿ ಮಗ್ಗದಲ್ಲಿ ಕಾಲಿಳಿಬಿಟ್ಟು ಕೂತಿದ್ದರು. ಮುಂದೆ ಕೆಂಪು ಸೀರೆ, ಮದುವೆ ಸೀರೆಯಿರಬೇಕು, ಕೋಣೆಯ ಗೋಡೆಗೂ ಅದರ ಬಣ್ಣ ಹತ್ತಿತ್ತು. ಏನೋ ಒಂದು ನೆಪ ಹೇಳಿ ಸದ್ದನ್ನಷ್ಟು ರೆಕಾರ್ಡ್ ಮಾಡಿಕೊಂಡು ಹೋಗೋಣವೆಂದು ರಂಜಿತಾ ಬಂದಿದ್ದಳು. ಆದರೆ ಅವಳ ಹೊಟ್ಟೆಯಲ್ಲಿ ಗುಟ್ಟು ನಿಲ್ಲುವುದುಂಟೇ.

"ಆಂಟಿ, ದಿವ್ಯಂಗೆ ನಿದ್ದೇನೇ ಬರ್ತಿಲ್ಲ. ಮಗ್ಗದ ಸದ್ದಿದ್ರೆ ಬರುತ್ತಂತೆ."

ಸುಲೋಚನಮ್ಮನ ಕೈ ಲಾಳಿಯ ಮೇಲೆ ಹಾಗೇ ನಿಂತಿತು. ಮಗಳು ಫೋನಿನಲ್ಲಿ ದಿನಾ ಚೆನ್ನಾಗಿದ್ದೀನಿ ಅನ್ನುತ್ತಿದ್ದಳಲ್ಲ. "ಫೋನು ಅಲ್ಲಿ ಇಡವ್ವ. ನೀನೂ ಕುಂತ್ಕೋ," ಎಂದಷ್ಟೇ ಹೇಳಿ ನೇಯತೊಡಗಿದರು.

ಟಕ್ ಟಕಾ, ಟಕ್ ಟಕಾ. ಗೋಡೆಗೆ ಒರಗಿ ಕೂತ ರಂಜಿತಾಳಿಗೆ ಮೊದಲು ಸದ್ದು ಕೇಳಿಸುತ್ತಿತ್ತು, ಆಮೇಲೆ ಸದ್ದು ಕಾಣಿಸತೊಡಗಿತು. ಕೆಂಪು ನೆಲದ ಮೇಲೆ ಅಜ್ಜನ ಕುರಿಗಳು ಸಾಲಾಗಿ ಬರುತ್ತಿದ್ದವು. ಗೊರಸಿನ ಸದ್ದು ಟಕ್ ಟಕಾ. ಸಿದ್ದಾಪುರದ ಗುಡ್ಡದ ಬಂಡೆಗಳೆಲ್ಲ ಬೆಚ್ಚಗೆ ಉಸಿರಾಡುತ್ತಿದ್ದವು. ಒಂದೊಂದು ಕುರಿಯೂ ಒಂದೊಂದು ಎಳೆಯ ಕೆಳಗೆ ತಲೆ ತಗ್ಗಿಸಿ ನುಸುಳಿ ಆಚೆ ಹೋಗುತ್ತಿತ್ತು, ಆಚೆ ಹೋದದ್ದು ಬೆಳ್ಳಿ ಬಣ್ಣಕ್ಕೆ ತಿರುಗುತ್ತಿತ್ತು. ನಡುವೆ ಎಲ್ಲೋ ಮಂದೆ ನಿಂತಿತು, ಯಾರೋ ಯಾರನ್ನೋ ಕೂಗಿದರು, ಮತ್ತೆ ಮಂದೆ ನಡೆಯಿತು. ಎಚ್ಚರವಾದಾಗ ಬಿಸಿಲು ಬಾಗಿಲು ದಾಟಿತ್ತು.

"ನಿದ್ದೆ ಬರ್ದಿರೋದು ಅವಳಿಗೆ ಅಂದ್ಯಲ್ಲವ್ವ," ಎಂದು ಸುಲೋಚನಮ್ಮ ನಕ್ಕರು.

ಪರೀಕ್ಷೆಯ ಹಿಂದಿನ ದಿನ ಮಧ್ಯಾಹ್ನ ರಂಜಿತಾ ಬಾಗಿಲು ಮುಂದಕ್ಕೆಳೆದು, ಗೆಳತಿಯ ತಲೆದಿಂಬಿನ ಪಕ್ಕ ಫೋನಿಟ್ಟಳು. ಮಗ್ಗ ಆಡತೊಡಗಿತು. ದಿವ್ಯಶ್ರೀ ಬೆಚ್ಚಿ ನೋಡಿದಳು. ಸ್ವಲ್ಪ ಹೊತ್ತಿಗೆ ಅವಳ ಹುಬ್ಬಿನ ನಡುವಿನ ಗಂಟು ಸಡಿಲಿತು, ಪುಸ್ತಕ ಎದೆಯ ಮೇಲೆ ಮಗುಚಿಕೊಂಡಿತು. ರಂಜಿತಾಳಿಗೆ ಎಂಥ ಸಂತೋಷವಾಯಿತೆಂದರೆ, ತಾನೇ ಪಾಸಾದಷ್ಟು.

ಅಷ್ಟರಲ್ಲಿ ಮಗ್ಗ ನಿಂತಿತು. ದಿವ್ಯಶ್ರೀ ಧಡಕ್ಕನೆ ಎದ್ದು ಕೂತಳು. ಕಣ್ಣು ಇನ್ನೂ ಮುಚ್ಚಿಯೇ ಇತ್ತು, ಬೆರಳುಗಳು ಮಾತ್ರ ಗಾಳಿಯಲ್ಲಿ ಏನನ್ನೋ ಹಿಡಿಯುತ್ತಿದ್ದವು. ರಂಜಿತಾ ಗಾಬರಿಯಾಗಿ ಫೋನು ನಿಲ್ಲಿಸಿದಳು.

"ಏನಾಯ್ತೇ?"

"ಎಳೆ ಕಡೀತು," ಎಂದಳು ದಿವ್ಯಶ್ರೀ. ಆಮೇಲೆ ಪೂರ್ತಿ ಎಚ್ಚರಾಗಿ ಮುಖ ಒರೆಸಿಕೊಂಡಳು. "ಅಮ್ಮಂಗೆ ಕಣ್ಣು ಮಂಜು. ಕೆಂಪು ಹಾಸಲ್ಲಿ ಕೆಂಪು ಎಳೆ ಕಾಣಲ್ಲ. ಮಗ್ಗ ನಿಂತ್ರೆ ನಾನೆದ್ದು ಹೋಗಿ ಗಂಟು ಹಾಕ್ಬೇಕು, ಚಿಕ್ಕೋಳಿದ್ದಾಗಿಂದ ಹಂಗೇ. ಹೋದ್ಸಲ ಪರೀಕ್ಷೆ ರೂಮಲ್ಲಿ ಎಲ್ರೂ ಸುಮ್ನಾದ್ರಲ್ಲ, ಥೇಟ್ ಮಗ್ಗ ನಿಂತಂಗಾಯ್ತು. ಎದ್ದು ಹೋಗ್ಬೇಕು ಅನ್ನಿಸ್ತು. ಓದಿದ್ದೆಲ್ಲ ಆ ಗಳಿಗೇಲೇ ಹೋಯ್ತು. ಈಗ ಮನೇಲಿ ಎಳೆ ಯಾರು ಕಟ್ತಾರೋ ಏನೋ."

ಸದ್ದಿಲ್ಲದೆ ಇವಳಿಗೆ ನಿದ್ದೆ ಬರುತ್ತಿಲ್ಲ ಎಂದು ರಂಜಿತಾ ಅಂದುಕೊಂಡಿದ್ದಳು. ಇವಳು ಇಷ್ಟು ತಿಂಗಳೂ ಅಮ್ಮನ ಕೂಗಿಗೆ ಕಿವಿ ಕೊಟ್ಟು ಕಾದಿದ್ದಳು.

ಮಗ್ಗ ನಿಂತ ಭಾಗಗಳನ್ನು ಕತ್ತರಿಸಿಬಿಟ್ಟರೆ ಸರಿ ಎಂದು ರಂಜಿತಾ ಇಯರ್‌ಫೋನು ಹಾಕಿಕೊಂಡು ವರಾಂಡಕ್ಕೆ ಹೋದಳು. ಎಲ್ಲಿ ಕತ್ತರಿಸಬೇಕೆಂದು ನೋಡಲು ಮುಂದಕ್ಕೆ ಕೇಳಿದಳು. ಕೇಳುತ್ತ ಕೇಳುತ್ತ, ಸುಲೋಚನಮ್ಮನ ದನಿ ಬಂದಲ್ಲಿ, ಬೆರಳು ತಡೆಯಿತು. ಇದನ್ನು ಕೇಳಿಸಿದರೆ ದಿವ್ಯಶ್ರೀ ಈಗಿಂದೀಗಲೇ ಬ್ಯಾಗು ಹಿಡಿದು ಬಸ್ ಸ್ಟ್ಯಾಂಡಿಗೆ ಹೊರಟರೂ ಹೊರಟಳು. ಕತ್ತರಿಸಿದರೆ ಇವತ್ತಿನ ಮಟ್ಟಿಗೆ ನಿದ್ದೆ ಬರಬಹುದು. ಆದರೆ ನಾಳೆ ಆ ರೂಮಿನ ನಿಶ್ಶಬ್ದವನ್ನು ಯಾರು ಕತ್ತರಿಸುತ್ತಾರೆ? ರಂಜಿತಾ ಒಳಗೆ ಬಂದು ಗೆಳತಿಯ ಪಕ್ಕ ಕೂತಳು.

"ಪೂರ್ತಿ ಕೇಳು. ನಡುವೆ ಏಳಂಗಿಲ್ಲ," ಎಂದು ಅವಳ ಮಣಿಕಟ್ಟು ಹಿಡಿದುಕೊಂಡಳು.

ಮಗ್ಗ ನಿಂತಿತು. ಸುಲೋಚನಮ್ಮನ ದನಿ, ಅಭ್ಯಾಸಬಲದಿಂದ, ಮನೆಯ ತೆಲುಗಿನಲ್ಲಿ ಕೂಗಿತು: "ದಿವ್ಯಾ, ಪೋಗು ತೆಗಿಂದೆ, ರಾ." ಎಳೆ ಕಡಿದಿದೆ, ಬಾ. ದಿವ್ಯಶ್ರೀಯ ಕೈ ಜಗ್ಗಿತು. ರಂಜಿತಾ ಬಿಡಲಿಲ್ಲ. ಫೋನಿನೊಳಗೆ ಒಂದು ಗಳಿಗೆ ಏನೂ ಇರಲಿಲ್ಲ. ಆಮೇಲೆ ಅದೇ ದನಿ, ಈಗ ಮೆಲ್ಲಗೆ, ಫೋನಿನ ಹತ್ತಿರಕ್ಕೆ ಬಾಗಿ ಹೇಳಿದ ಹಾಗೆ: "ವದ್ದು, ವದ್ದು. ನುವ್ವು ಪಂಡ್ಕೋ." ಬೇಡ, ಬೇಡ. ನೀನು ಮಲಗು.

ಮುಂದೆ ತುಂಬ ಹೊತ್ತು ಬಳೆಯ ಸದ್ದು. ತಡಕುತ್ತಿದ್ದಾರೆ, ತಪ್ಪುತ್ತಿದ್ದಾರೆ, ಮತ್ತೆ ತಡಕುತ್ತಿದ್ದಾರೆ. ಹಿನ್ನೆಲೆಯಲ್ಲಿ ಯಾರೋ ಗೊರಕೆ ಹೊಡೆಯುತ್ತಿದ್ದರು; ರಂಜಿತಾ ಅದು ತಾನಲ್ಲವೆಂಬಂತೆ ಗೋಡೆ ನೋಡಿದಳು. ದಿವ್ಯಶ್ರೀಯ ಹೆಬ್ಬೆರಳು ತೋರುಬೆರಳು ತಾವಾಗೇ ಗಂಟು ಹಾಕುತ್ತಿದ್ದವು. ಕೊನೆಗೊಮ್ಮೆ ಟಕ್ ಎಂದಿತು. ಟಕ್ ಟಕಾ, ಟಕ್ ಟಕಾ.

"ಕಟ್ಟಿದ್ಲು," ಎಂದಳು ದಿವ್ಯಶ್ರೀ. "ನಾನಿಲ್ದೇನೂ ಕಟ್ಟಿದ್ಲು ನೋಡೇ." ಸಮಾಧಾನವೂ ಇತ್ತು, ಸ್ವಲ್ಪ ನೋವೂ ಇತ್ತು. ಕಣ್ಣಲ್ಲಿ ನೀರು ಸುರಿಯುತ್ತಿರುವಂತೆಯೇ ಆಕಳಿಸಿ, ಮಗ್ಗುಲಾದಳು. ಮಗ್ಗ ಮತ್ತೆ ನಿಂತಿತು, ಮತ್ತೆ ನಡೆಯಿತು, ರೆಕಾರ್ಡಿಂಗೂ ಮುಗಿಯಿತು. ಅವಳು ಕದಲಲಿಲ್ಲ. ರಂಜಿತಾ ಸದ್ದು ಮಾಡದೆ ರಸಾಯನಶಾಸ್ತ್ರ ತೆರೆದಳು. ಅವತ್ತು ಹಾಸ್ಟೆಲಿನಲ್ಲಿ ನಿದ್ದೆಗೆಟ್ಟವಳು ಅವಳೊಬ್ಬಳೇ.

ಮರುದಿನ ಪ್ರಶ್ನೆಪತ್ರಿಕೆ ಕೈಗೆ ಬಂದಮೇಲೆ ರೂಮು ಗಪ್ಪಾಯಿತು. ಮುಂದಿನ ಬೆಂಚಿನಲ್ಲಿ ದಿವ್ಯಶ್ರೀ ತಲೆ ಬಗ್ಗಿಸಿ ಬರೆಯುತ್ತಿದ್ದಳು. ಬಹಳ ಹೊತ್ತಾದ ಮೇಲೆ ಅವಳ ಪೆನ್ನು ನಿಂತಿತು. ತಲೆಯೆತ್ತಿ ಸುತ್ತ ನೋಡಿದಳು. ರಂಜಿತಾಳಿಗೆ ಬರೆಯುತ್ತಿದ್ದ ಸಮೀಕರಣ ಅರ್ಧಕ್ಕೇ ಮರೆತುಹೋಯಿತು.

ದಿವ್ಯಶ್ರೀ ಕೈ ಎತ್ತಿದಳು.

"ಸರ್, ಅಡಿಷನಲ್ ಶೀಟ್."