ದವಾಖಾನೆಯ ಬೆಂಚಿನ ಮೇಲೆ ಬೀಗತಿಯರು

೧೯೭೮ರ ಶ್ರಾವಣ. ಮಾಣಿಕನಗರದ ಕಸ್ತೂರಿಬಾಯಿಗೆ ಎರಡನೆಯ ಬಸಿರು, ಆರು ತಿಂಗಳು ತುಂಬಿತ್ತು. ಉಂಡು ಎದ್ದರೂ ಹಸಿವು, ಎಷ್ಟು ನೀರು ಕುಡಿದರೂ ಬಾಯಾರಿಕೆ. ಆರೈಕೆಗೆಂದು ನಿರ್ಣಾದಿಂದ ಬಂದಿದ್ದ ತಾಯಿ ಸೂಗಮ್ಮ ಅವಳನ್ನು ಹುಮನಾಬಾದಿನ ಡಾಕ್ಟರಬಾಯಿಯ ಹತ್ತಿರ ಕರೆದುಕೊಂಡು ಹೋದಳು.

ಡಾಕ್ಟರಬಾಯಿ ಧಾರವಾಡದ ಕಡೆಯವರು. ಗಾಜಿನ ನಳಿಕೆಯಲ್ಲಿ ನೀಲಿ ಔಷಧಿ ಹಾಕಿ, ಕಸ್ತೂರಿಯ ಮೂತ್ರದ ಎಂಟು ಹನಿ ಬೆರೆಸಿ, ಸ್ಪಿರಿಟ್ ದೀಪದ ಮೇಲೆ ಕುದಿಸಿದರು. ನೀಲಿ ಹಸಿರಾಯಿತು, ಹಳದಿಯಾಯಿತು, ಕೊನೆಗೆ ಇಟ್ಟಿಗೆಯ ಬಣ್ಣಕ್ಕೆ ಬಂದು ನಿಂತಿತು.

"ಮೂತ್ರದಾಗ ಸಕ್ಕರಿ ಹೋಗಾಕತ್ತದ. ರಕ್ತನೂ ತಪಾಸ ಮಾಡಸೋಣು. ನಿಮ್ಮ ಮನಿತನದಾಗ ಯಾರಿಗರ ಸಕ್ಕರಿ ಬ್ಯಾನಿ ಅದ ಏನ್ರಿ? ತಾಯಿಗೆ, ಅಜ್ಜಿಗೆ?"

ಕಸ್ತೂರಿ ಬಾಯಿ ತೆರೆಯುವಷ್ಟರಲ್ಲಿ ಸೂಗಮ್ಮ ಅವಳ ಮೊಣಕೈ ಚಿವುಟಿದಳು. "ಛೇ, ನಮ್ಮ ವಂಶದಾಗ ಅಂಥಾದ್ದೇನಿಲ್ರಿ. ಎಲ್ಲಾರೂ ಗಟ್ಟಿ ಆಳು. ನಾ ಹಡೆದ ಕೂಸುಗಳು ಒಂದೊಂದು ಕುಂಬಳಕಾಯಿ ಇದ್ದಂಗ ಇದ್ವು! ಈಕೀದು ಮೊದಲನೇದೂ ಹಂಗ, ಒಂಬತ್ತೂವರಿ ಪೌಂಡು."

ಬರೆಯುತ್ತಿದ್ದ ಡಾಕ್ಟರಬಾಯಿ ತಲೆ ಎತ್ತಿದರು. "ತಾಯಿಗೂ ದೊಡ್ಡ ಕೂಸು, ಮಗಳಿಗೂ ದೊಡ್ಡ ಕೂಸು. ಅದಕ್ಕ ನನಗ ಅನುಮಾನ. ಮಕ್ಕಳು ಮೂಗು, ಕಣ್ಣು ಹಡದವರಿಂದ ತರ್ತಾವಲ್ಲ, ಹಂಗ ಈ ಬ್ಯಾನಿ ಕಡೆ ವಾಲೋ ಗುಣಾನೂ ರಕ್ತದಾಗ ಬರ್ತದ. ಬರಲೇಬೇಕಂತಿಲ್ಲ. ಆದ್ರ ಬಸಿರಾದಾಗ ಮೈಮ್ಯಾಲ ಭಾರ ಬೀಳ್ತದ ನೋಡ್ರಿ, ಆಗ ತಲಿ ಎತ್ತತದ. ನಾಳಿ ನಿಮ್ಮದೂ ಒಂದು ಶೀಶೆ ತರ್ರಿ, ಅವ್ವಾ."

ಮನೆಗೆ ಬಂದದ್ದೇ ತಡ, ಕಸ್ತೂರಿ ಜಗಳಕ್ಕೆ ನಿಂತಳು. "ಮೂರು ವರ್ಷದಿಂದ ಹಾಗಲಕಾಯಿ ರಸ ಕುಡ್ಯಾಕತ್ತಿದಿ. ಅಜ್ಜಿ ಉಚ್ಚಿಗೆ ಇರವಿ ಮುತ್ತತಿದ್ವು ಅಂತ ನೀನ ಹೇಳಿದ್ದಿ. ಸುಳ್ಳ್ಯಾಕ ಹೇಳಿದಿ?"

ಸೂಗಮ್ಮನ ಕಣ್ಣು ತುಂಬಿತು. "ಯಶೋದಾನ ಲಗ್ನದ ಸೋಯರಿಕಿ ಬಸವಕಲ್ಯಾಣದಾಗ ನಡದದ. ಮನಿತನದಾಗ ಬ್ಯಾನಿ ಅದ ಅಂತ ಬೀಗರಿಗೆ ಗೊತ್ತಾದ್ರ ಬ್ಯಾರೆ ಹುಡುಗಿ ನೋಡ್ತಾರವ್ವ."

ಯಶೋದಾ ಕಸ್ತೂರಿಯ ತಂಗಿ. ವರನ ತಾಯಿ ಸುಮನಬಾಯಿ ಹದಿನೈದು ದಿನದ ಹಿಂದಷ್ಟೇ ಬಸವಕಲ್ಯಾಣದಿಂದ ನಿರ್ಣಾಕ್ಕೆ ಬಂದು ಅವಳನ್ನು ನೋಡಿ ಹೋಗಿದ್ದಳು. ವ್ರತ ಎಂದು ಹೋಳಿಗೆ ಮುಟ್ಟಿರಲಿಲ್ಲ. ಹೆಣ್ಣು ಒಪ್ಪಿಗೆಯಾಗಲಿಲ್ಲವೇನೋ ಎಂದು ಸೂಗಮ್ಮ ಅಂದಿನಿಂದಲೇ ಕಂಗಾಲಾಗಿದ್ದಳು.

"ನನ್ನ ಹೊಟ್ಟ್ಯಾಗಿನ ಕೂಸಿಗೆ ಏನರ ಆದ್ರ?" ಎಂದಳು ಕಸ್ತೂರಿ. ಮರುದಿನ ಬೆಳಿಗ್ಗೆ ಸೂಗಮ್ಮ ಯಾರೂ ಮತ್ತೆ ಹೇಳದೆ ತಾನೇ ಎಣ್ಣೆಯ ಶೀಶೆ ತೊಳೆದು ಸಿದ್ಧಳಾದಳು.

ದವಾಖಾನೆಯ ಬೆಂಚಿನ ಮೇಲೆ ಸೂಗಮ್ಮ ಸೆರಗಿನೊಳಗೆ ಶೀಶೆ ಮುಚ್ಚಿಕೊಂಡು ಕುಳಿತಳು. ಪಕ್ಕದಲ್ಲಿ ಇನ್ನೊಬ್ಬಳು ಮುಖದ ತುಂಬ ಸೆರಗು ಎಳೆದುಕೊಂಡು, ಚೀಲ ಅವುಚಿಕೊಂಡು ಕುಳಿತಿದ್ದಳು. "ಯಾರ ಶೀಶೆ ಮೊದಲ?" ಎಂದು ಕಂಪೌಂಡರ್ ಕೂಗಿದಾಗ ಇಬ್ಬರೂ ಒಟ್ಟಿಗೆ ಎದ್ದರು. ಸೆರಗು ಜಾರಿತು. ಸುಮನಬಾಯಿ!

"ನೀವು ಇಲ್ಲಿ ಹ್ಯಾಂಗ್ರಿ?" ಸೂಗಮ್ಮ ತೊದಲಿದಳು.

"ಕಲ್ಯಾಣದಾಗ ತೋರಿಸಿದ್ರ ಊರೆಲ್ಲಾ ಗೊತ್ತಾಗ್ತದ್ರಿ. ಅದಕ್ಕ ಬಸ್ ಹತ್ತಿ ಇಲ್ಲಿ ಬರಾಕತ್ತೇನಿ. ನೀವು?"

"ನಾ ಊರಿಗೆ ಅಂಜಿಲ್ರಿ, ನಿಮಗ ಅಂಜೇನಿ. ಮತ್ತ ಅವತ್ತು ವ್ರತ ಅಂದ್ರಿ?"

"ಎಲ್ಲೀ ವ್ರತರಿ ಯವ್ವಾ! ಹೋಳಿಗಿ ವಾಸನಿಗೇ ಬಾಯಾಗ ನೀರು ಬಂದಿತ್ತು."

ಇಬ್ಬರ ನಗು ಕೇಳಿ ಡಾಕ್ಟರಬಾಯಿ ಹೊರಗೆ ಬಂದರು. ಸಂಗತಿ ತಿಳಿದು ತಾವೂ ನಕ್ಕರು. ಸುಮನಬಾಯಿಗೆ ಮಾತ್ರ ಥಟ್ಟನೆ ಹೆದರಿಕೆಯಾಯಿತು. "ಎರಡೂ ಕಡೆ ಇದ್ದಮ್ಯಾಲ ಈ ಲಗ್ನ ಬ್ಯಾಡೇನ್ರಿ?"

"ಯಾಕ ಬ್ಯಾಡ? ಸಕ್ಕರಿ ಇಲ್ಲದ ಮನಿ ಹುಡುಕ್ಕೋತ ಕುಂತ್ರ ಹುಡುಗ-ಹುಡುಗಿ ಮುದುಕರಾಗ್ತಾರ. ಸೊಸಿ ಬಸಿರಾದ ಕೂಡಲೇ ನನ್ನ ಕಡೆ ಕರಕೊಂಡು ಬರ್ರಿ, ಮುಚ್ಚಿಡಬ್ಯಾಡ್ರಿ, ಅಷ್ಟ."

ಅಂದಿನಿಂದ ಕಸ್ತೂರಿಯ ತಟ್ಟೆಯಲ್ಲಿ ಎರಡು ಜೋಳದ ರೊಟ್ಟಿ, ಪುಂಡಿ ಪಲ್ಯ, ಕಾಳು, ಚಹಾಕ್ಕೆ ಸಕ್ಕರೆಯಿಲ್ಲ. ಬೆಳಿಗ್ಗೆ ಸಂಜೆ ತಾಯಿ ಮಗಳು ಮಠದ ತನಕ ನಡೆದು ಬರುತ್ತಿದ್ದರು. ದಾರಿಯುದ್ದಕ್ಕೂ ಸೂಗಮ್ಮ ಬೀಗತಿಯ ಗುಣಗಾನ ಮಾಡುವಳು. ಎರಡನೆಯ ತಪಾಸಣೆಯಲ್ಲಿ ಕಸ್ತೂರಿಯ ಸಕ್ಕರೆ ಇಳಿದಿತ್ತು. ಕಾರ್ತಿಕದಲ್ಲಿ ದವಾಖಾನೆಯಲ್ಲೇ ಹೆಣ್ಣು ಕೂಸು, ಆರೂವರೆ ಪೌಂಡು, ಸುಖವಾದ ಹೆರಿಗೆ. "ಇನ್ನ ವರ್ಷಕ್ಕೊಮ್ಮೆ ಬಂದು ತೋರಿಸಬೇಕು, ಮರೀಬ್ಯಾಡ," ಎಂದು ಡಾಕ್ಟರಬಾಯಿ ಕಸ್ತೂರಿಗೆ ತಾಕೀತು ಮಾಡಿದರು.

ಮಾಘದಲ್ಲಿ ಯಶೋದಾಳ ಲಗ್ನವಾಯಿತು. ಮರುವರ್ಷ ಅವಳಿಗೆ ಮುಟ್ಟು ನಿಂತ ತಿಂಗಳೇ ಸುಮನಬಾಯಿ ಸೊಸೆಯನ್ನು ಹುಮನಾಬಾದಿನ ಬಸ್ಸು ಹತ್ತಿಸಿದಳು. ಪ್ರತಿ ತಿಂಗಳೂ ತಪಾಸಣೆ ತಪ್ಪಲಿಲ್ಲ. ಗಂಡು ಮಗು ಹುಟ್ಟಿತು, ತಾಯಿ ಮಗು ಇಬ್ಬರೂ ಚೆನ್ನಾಗಿದ್ದರು. ತೊಟ್ಟಿಲ ಮುಂದೆ ಬೀಗತಿಯರಿಬ್ಬರೂ ತಮ್ಮ ತಮ್ಮ ತಂದೆಯ ಹೆಸರೇ ಇಡಬೇಕೆಂದು ಹಟ ಹಿಡಿದರು. ಅವರ ವಾದ ಮುಗಿಯುವ ಲಕ್ಷಣ ಕಾಣದೆ, ಯಶೋದಾ ಆ ಎರಡೂ ಹೆಸರು ಬಿಟ್ಟು ಮಗನ ಕಿವಿಯಲ್ಲಿ ಮಾರುತಿ ಎಂದು ಮೂರು ಸಲ ಕರೆದು ಮುಗಿಸಿಬಿಟ್ಟಳು.